ಕೊಳ್ಳುವ ಮುನ್ನ ಗಾಡಿಯ ಅಡಿಗೆ ಬಗ್ಗಿ ನೋಡಿ

ಜುಲೈ ತಿಂಗಳ ಮಲೆನಾಡಿನಲ್ಲಿ ಡಾಂಬರು ಮುಗಿಯುವ ಜಾಗ ದೂರದಿಂದಲೇ ಗೊತ್ತಾಗುತ್ತದೆ. ಅಲ್ಲಿ ಕಾರುಗಳು ಸಾಲಾಗಿ ನಿಂತಿರುತ್ತವೆ. ಮಳೆ ಹಿಡಿದರೆ ಅವು ತಿಂಗಳುಗಟ್ಟಲೆ ಮನೆಯಂಗಳಕ್ಕೆ ಹೋಗುವುದಿಲ್ಲ. ಕಳಸ, ಬಾಳೂರು, ಸೋಮವಾರಪೇಟೆ ಕಡೆಯ ತೋಟದ ಮನೆಗಳಿಗೆ ಕೊನೆಯ ಒಂದೆರಡು ಕಿಲೋಮೀಟರ್ ಬರೀ ಜೇಡಿಮಣ್ಣಿನ ಏರು. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್, ಗೊಬ್ಬರದ ಚೀಲ, ಶಾಲೆ ಬಿಟ್ಟು ಬಂದ ಮಕ್ಕಳು, ಕೆಲವೊಮ್ಮೆ ಆಸ್ಪತ್ರೆಗೆ ಹೋಗಬೇಕಾದ ಅಜ್ಜಿ, ಎಲ್ಲಕ್ಕೂ ಒಂದೇ ಜೀಪು ಗತಿ. ಅರ್ಧ ಏರಿನಲ್ಲಿ ಚಕ್ರ ಜಾರತೊಡಗಿದಾಗ ಹಿಂದಿನ ಸೀಟಿನಿಂದ ಯಾರೋ ಕೂಗುತ್ತಾರೆ: ‘ಲೋ ಹಾಕಣ್ಣ!’ ಗಾಡಿ ನಿಲ್ಲುತ್ತದೆ. ಗೇರಿನ ಪಕ್ಕದ ಚಿಕ್ಕ ಲಿವರ್ ಸರಿಯುತ್ತದೆ. ಎಂಜಿನ್ನಿನ ಸದ್ದು ಏರುತ್ತದೆ, ವೇಗ ಇಳಿಯುತ್ತದೆ, ಗಾಡಿ ಆಳು ನಡೆಯುವ ವೇಗದಲ್ಲಿ ಮೇಲಕ್ಕೆ ಹತ್ತುತ್ತದೆ.

ಹೀಗೆ ಹತ್ತುವ ಗಾಡಿ ಹೊಸದಾಗಿ ಕೊಳ್ಳುವುದು ಸಣ್ಣ ಬೆಳೆಗಾರನ ಕೈಗೆ ಸುಲಭವಾಗಿ ನಿಲುಕುವಂಥದ್ದಲ್ಲ. 2020ರ ಅಕ್ಟೋಬರ್ 2ರಂದು ಹೊಸ ಪೀಳಿಗೆಯ ಮಹೀಂದ್ರಾ ಥಾರ್ ಬಂದಾಗ ಅದರ ಶೋರೂಮ್ ಬೆಲೆ 9.80 ಲಕ್ಷ ರೂಪಾಯಿಯಿಂದ ಶುರುವಾಗಿತ್ತು. 2023ರ ಜೂನ್‌ನಲ್ಲಿ ಬಂದ ಐದು ಬಾಗಿಲಿನ ಮಾರುತಿ ಜಿಮ್ನಿ 12.74 ಲಕ್ಷದಿಂದ ಶುರುವಾಯಿತು. ತೆರಿಗೆ, ವಿಮೆ ಸೇರಿದರೆ ಇನ್ನೂ ಹೆಚ್ಚು. ಹಾಗಾಗಿ ಎಂಟು ಲಕ್ಷದೊಳಗೆ ಮುಂದಿನ, ಹಿಂದಿನ ಚಕ್ರಗಳೆರಡಕ್ಕೂ ಬಲ ಹೋಗುವ ಫೋರ್‌ವೀಲ್ ಗಾಡಿ ಬೇಕೆನ್ನುವವರು ಹಳೆಯದರ ಕಡೆಗೇ ತಿರುಗಬೇಕು. ಆ ಸಂತೆಯಲ್ಲಿ ಮಾಡೆಲ್ಲಿನ ಹೆಸರು ಹಿಡಿದು ಹುಡುಕುವವರೇ ಬಹಳ. ಆದರೆ ಹಳೆಯ ಗಾಡಿಯ ಮಟ್ಟಿಗೆ ಹೆಸರಿಗಿಂತ ದೊಡ್ಡ ಪ್ರಶ್ನೆಗಳು ಎರಡಿವೆ: ನಿಮ್ಮ ದಾರಿ ಎಂಥದ್ದು, ಮತ್ತು ಆ ಗಾಡಿ ಇಷ್ಟು ವರ್ಷ ಯಾವ ದಾರಿಯಲ್ಲಿ ದುಡಿದಿದೆ?

ಚಿಕ್ಕ ಲಿವರ್ ಮಾಡುವ ಕೆಲಸ

ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲೆಂದು ಆಕ್ಸೆಲಿನ ನಡುವೆ ಡಿಫರೆನ್ಷಿಯಲ್ ಇದೆ. ಡಾಂಬರಿನ ಮೇಲೆ ಇದು ವರ, ಕೆಸರಿನಲ್ಲಿ ಶಾಪ. ಒಂದು ಚಕ್ರಕ್ಕೆ ಹಿಡಿತ ತಪ್ಪಿದರೆ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಜೊತೆಯ ಚಕ್ರಕ್ಕೆ ಬಲವೇ ಹೋಗುವುದಿಲ್ಲ. ಎರಡೇ ಚಕ್ರಕ್ಕೆ ಬಲ ಹೋಗುವ ಟೂ-ವೀಲ್ ಗಾಡಿ ಹೂತುಕೊಳ್ಳುವುದು ಹೀಗೆ.

ಫೋರ್‌ವೀಲ್ ಗಾಡಿಯಲ್ಲಿ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಎಂಜಿನ್ನಿನ ಬಲವನ್ನು ಮುಂದಿನ ಆಕ್ಸೆಲಿಗೂ ಹಂಚುವುದು ಅದರ ಕೆಲಸ. ಅದರಲ್ಲಿ ಎರಡು ಹಂತ. ‘ಹೈ’ ಹಾಕಿದರೆ ಮಾಮೂಲಿ ಗೇರುಗಳೇ ನಾಲ್ಕೂ ಚಕ್ರಕ್ಕೆ ಹೋಗುತ್ತವೆ. ‘ಲೋ’ ಹಾಕಿದರೆ ಹಲವು ಗಾಡಿಗಳಲ್ಲಿ ಪ್ರತಿ ಗೇರೂ ಎರಡು ಪಟ್ಟಿಗೂ ಹೆಚ್ಚು ನಿಧಾನವಾಗುತ್ತದೆ, ಚಕ್ರಕ್ಕೆ ಸಿಗುವ ಬಲ ಅಷ್ಟೇ ಏರುತ್ತದೆ. ಏರು ಹತ್ತುವುದಕ್ಕಿಂತಲೂ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ಜಾರುವ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಚಕ್ರಗಳು ನಿಂತು ಗಾಡಿ ಜಾರುತ್ತದೆ. ಲೋದ ಮೊದಲ ಗೇರಿನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ.

ಆದರೆ ಒಂದು ತಪ್ಪು ತಿಳಿವಳಿಕೆ ಎಲ್ಲ ಕಡೆ ಇದೆ. ಫೋರ್‌ವೀಲ್ ಹಾಕಿದ ಮಾತ್ರಕ್ಕೆ ನಾಲ್ಕೂ ಚಕ್ರ ಒಟ್ಟಿಗೆ ಎಳೆಯುವುದಿಲ್ಲ. ಮುಂದೆ ಒಂದು, ಹಿಂದೆ ಒಂದು ಚಕ್ರಕ್ಕೆ ಹಿಡಿತ ಹೋದರೆ ಫೋರ್‌ವೀಲ್ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ. ಇದಕ್ಕೆ ಮದ್ದು ಡಿಫರೆನ್ಷಿಯಲ್ ಲಾಕ್. ಫೋರ್ಸ್ ಗುರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಚಾಲಕನೇ ಹಾಕಬಹುದಾದ ಲಾಕ್ ಬಂದಿದೆ. 2015ರ ನಂತರದ ಥಾರ್ ಸಿಆರ್‌ಡಿಇಯಲ್ಲಿ ಹಿಂದಿನ ಆಕ್ಸೆಲಿಗೆ ತಾನಾಗಿಯೇ ಬೀಳುವ ಲಾಕ್ ಇದೆ. ಜಿಮ್ನಿ ಜಾರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಬಲವನ್ನು ಪಕ್ಕದ ಚಕ್ರಕ್ಕೆ ತಳ್ಳುತ್ತದೆ.

ಜೀಪು, ಜಿಪ್ಸಿ, ಥಾರ್‌ಗಳಲ್ಲಿ ಇರುವುದು ‘ಪಾರ್ಟ್ ಟೈಮ್’ ಫೋರ್‌ವೀಲ್. ಮುಂದಿನ ಹಿಂದಿನ ಆಕ್ಸೆಲುಗಳನ್ನು ಅದು ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ. ಒಣ ಡಾಂಬರಿನ ತಿರುವಿನಲ್ಲಿ ಹೀಗೆ ಓಡಿಸಿದರೆ ಆಕ್ಸೆಲುಗಳ ನಡುವೆ ಎಳೆದಾಟ ಶುರುವಾಗಿ ಟ್ರಾನ್ಸ್‌ಫರ್ ಕೇಸಿನ ಒಳಗಿನ ಭಾಗಗಳು ಸವೆಯುತ್ತವೆ. ಇದನ್ನು ತಿಳಿಯದೆ ಘಾಟಿಯುದ್ದಕ್ಕೂ ಫೋರ್‌ವೀಲ್ ಹಾಕಿಯೇ ಓಡಿಸುವವರಿದ್ದಾರೆ. ಅಂಥವರ ಗಾಡಿ ಹೊರಗಿನಿಂದ ಎಷ್ಟೇ ಚೆನ್ನಾಗಿ ಹೊಳೆದರೂ ಒಳಗೆ ದಣಿದಿರುತ್ತದೆ.

ಎಲ್ಲರಿಗೂ ಲೋ ಬೇಕಿಲ್ಲ

ಮನೆವರೆಗೆ ಸಿಮೆಂಟ್ ರಸ್ತೆಯಿದ್ದು, ವರ್ಷಕ್ಕೆರಡು ಸಲ ಮಣ್ಣಿನ ದಾರಿ ತುಳಿಯುವವರು ಫೋರ್‌ವೀಲ್ ಗಾಡಿಯ ಗೊಡವೆಗೆ ಹೋಗದಿರುವುದೇ ಒಳ್ಳೆಯದು. ಹೆಚ್ಚಿನ ತೂಕ, ಕಡಿಮೆ ಮೈಲೇಜ್, ಇನ್ನೊಂದು ಡಿಫರೆನ್ಷಿಯಲಿನ ಆಯಿಲ್, ಇನ್ನೊಂದು ಪ್ರೊಪೆಲ್ಲರ್ ಶಾಫ್ಟಿನ ಖರ್ಚು ಬೆನ್ನಿಗೆ ಬೀಳುತ್ತವೆ. ನೆಲದಿಂದ ಎತ್ತರವಿರುವ ಟೂ-ವೀಲ್ ಗಾಡಿಗೆ ಒಳ್ಳೆಯ ಆಲ್ ಟೆರೇನ್ ಟಯರ್ ಹಾಕಿದರೆ ಬಹುಪಾಲು ಹಳ್ಳಿಯ ದಾರಿಗಳನ್ನು ದಾಟಬಹುದು. ನುಣುಪಾದ ಟಯರಿನ ಫೋರ್‌ವೀಲ್ ಗಾಡಿ ಕೆಸರಿನಲ್ಲಿ ಕೂತಾಗ ಟಯರಿನ ಮಹತ್ವ ಅರ್ಥವಾಗುತ್ತದೆ.

ಹಸಿ ಹುಲ್ಲು, ಸಣ್ಣ ಕೆಸರು, ಜಾರುವ ಘಾಟಿ ಇಷ್ಟೇ ಎನ್ನುವವರಿಗೆ ಆಲ್‌ವೀಲ್ ಡ್ರೈವ್ ಸಾಕು. ಇದರಲ್ಲಿ ಮುಂದಿನ ಚಕ್ರ ಜಾರಿದಾಗ ಒಂದು ಎಲೆಕ್ಟ್ರಾನಿಕ್ ಕ್ಲಚ್ ಹಿಂದಿನ ಚಕ್ರಗಳನ್ನು ಸೇರಿಸಿಕೊಳ್ಳುತ್ತದೆ. ಲೋ ಇರುವುದಿಲ್ಲ. ಕಡಿದಾದ ಏರು, ಹೊಂಡ, ಹೊಳೆ, ಭಾರದ ಹೇರು ದಿನನಿತ್ಯದ ಪಾಡಾಗಿದ್ದರೆ ಮಾತ್ರ ಲೋ ಇರುವ ಗಾಡಿ ಹುಡುಕಿ. ಆಗ ಲೋ ಇಲ್ಲದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಸಂತೆಯಲ್ಲಿ ಸಿಗುವವು

ಮಾರುತಿ ಜಿಪ್ಸಿ 1985ರಲ್ಲಿ ಬಂತು. 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಆಯಿತು, ಒಂದು ಟನ್ ಆಸುಪಾಸಿನ ತೂಕದಲ್ಲೇ ಉಳಿಯಿತು. ಕೆಸರಿನಲ್ಲಿ ಆ ಹಗುರತನವೇ ಅದರ ಶಕ್ತಿ. ದೊಡ್ಡ ಗಾಡಿ ಹೂತುಹೋಗುವ ಕಡೆ ಅದು ತೇಲಿಕೊಂಡು ಹೋಗುತ್ತದೆ. ಆದರೆ ಮುಂದೆ ಹಿಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಬೆನ್ನು ನೋವಿರುವವರಿಗೆ ಹೇಳಿಮಾಡಿಸಿದ್ದಲ್ಲ. ಪೆಟ್ರೋಲ್ ಬೇರೆ ಧಾರಾಳವಾಗಿ ಕುಡಿಯುತ್ತದೆ. ತಯಾರಿಕೆ ನಿಂತ ಮೇಲೆ ಅಭಿಮಾನಿಗಳ ಪೈಪೋಟಿಯಿಂದ ಒಳ್ಳೆಯ ಜಿಪ್ಸಿಯ ಬೆಲೆ ಏರಿದೆ. ಸೇನೆಯ ಹರಾಜಿನಲ್ಲಿ ಬಂದ ಜಿಪ್ಸಿಗಳೂ ಮಾರಾಟಕ್ಕೆ ಸಿಗುತ್ತವೆ. ಹರಾಜಿನ ಮೂಲ ಕಾಗದ ಮತ್ತು ಅದರ ಮೇಲೆ ಆದ ನೋಂದಣಿ ಎರಡೂ ಕಣ್ಣಾರೆ ಕಾಣುವ ತನಕ ಮುಂಗಡ ಕೊಡಬಾರದು.

2010ರಿಂದ 2020ರವರೆಗಿನ ಹಳೆಯ ಥಾರ್ ಈ ಬಜೆಟ್ಟಿನ ಸಹಜ ಆಯ್ಕೆ. 2.5 ಲೀಟರಿನ ಸಿಆರ್‌ಡಿಇ ಎಂಜಿನ್ 105 ಅಶ್ವಶಕ್ತಿಯದು, ಲೋ ಇದೆ. ಯಾವ ಊರಿನ ಮೆಕ್ಯಾನಿಕ್ಕಿಗೂ ಇದರ ಗುಟ್ಟು ಗೊತ್ತು. ಎಚ್ಚರ ಬೇಕಾದದ್ದು ಇನ್ನೊಂದು ಕಡೆ. ಅದೇ ಕಾಲದ ಥಾರ್ ಡಿಐ ಟೂ-ವೀಲ್‌ನಲ್ಲೂ ಬಂದಿತ್ತು. ಹೊಸ ಪೀಳಿಗೆಯಲ್ಲೂ 2023ರ ಜನವರಿಯಿಂದ ಹಿಂದಿನ ಚಕ್ರಕ್ಕಷ್ಟೇ ಬಲ ಹೋಗುವ ಥಾರ್ ಮಾರಾಟವಾಗುತ್ತಿದೆ. ನೋಡಲು ಟೂ-ವೀಲ್, ಫೋರ್‌ವೀಲ್ ಎರಡೂ ಒಂದೇ. ಒಳಗೆ ಎರಡನೆಯ ಲಿವರ್ ಇದೆಯೇ, ಮುಂದಿನ ಆಕ್ಸೆಲಿಗೆ ಶಾಫ್ಟ್ ಹೋಗಿದೆಯೇ ಎಂದು ನೋಡದೆ ಹಣ ಎಣಿಸಬೇಡಿ.

ಟಾಟಾ ಸಫಾರಿ ಸ್ಟಾರ್ಮ್‌ ಬಗ್ಗೆ ನನಗೆ ವಿಶೇಷ ಒಲವು. 2012ರಿಂದ 2019ರವರೆಗೆ ಬಂದ ಈ ಗಾಡಿಯ ಫೋರ್‌ವೀಲ್ ಮಾದರಿಯಲ್ಲಿ ಸ್ವಿಚ್ ತಿರುಗಿಸಿದರೆ ಹೈ, ಲೋ ಬೀಳುತ್ತವೆ. ಏಳು ಜನ ಕೂರಬಹುದು, ದೂರದ ಊರಿಗೂ ಆರಾಮ. ಥಾರ್‌ನಷ್ಟು ಬೇಡಿಕೆ ಇಲ್ಲದ್ದರಿಂದ ಅದೇ ಹಣಕ್ಕೆ ಹೆಚ್ಚು ಹೊಸದು ಸಿಗುತ್ತದೆ. ಮನೆಗೆ ಒಂದೇ ಗಾಡಿ, ಮದುವೆಗೂ ಅದೇ ತೋಟಕ್ಕೂ ಅದೇ ಎನ್ನುವವರು ಇದನ್ನೊಮ್ಮೆ ನೋಡಲೇಬೇಕು. ಉದ್ದ ಹೆಚ್ಚು, ಕಿರಿದಾದ ತೋಟದ ತಿರುವಿನಲ್ಲಿ ಹಿಂದೆ ಮುಂದೆ ಮಾಡಬೇಕಾಗುತ್ತದೆ ಅಷ್ಟೆ.

ರೆನೊ ಡಸ್ಟರ್‌ನ ಆಲ್‌ವೀಲ್ ಮಾದರಿ 2014ರಲ್ಲಿ ಬಂತು. ಲೋ ಇಲ್ಲ. ಅದರ ಬದಲು ಮೊದಲ ಗೇರನ್ನೇ ಬಹಳ ನಿಧಾನಕ್ಕೆ ಇಟ್ಟಿದ್ದಾರೆ. ಒರಟು ದಾರಿಯಲ್ಲಿ ಇದರ ಸಸ್ಪೆನ್ಷನ್ ಕೊಡುವ ಸುಖ ಈ ಬೆಲೆಗೆ ಬೇರೆಲ್ಲೂ ಇಲ್ಲ. ಡೀಸೆಲ್ ಮೈಲೇಜೂ ಒಳ್ಳೆಯದು. ಮೊದಲ ಪೀಳಿಗೆಯ ಟೊಯೊಟಾ ಫಾರ್ಚುನರ್ ಎಂಟು ಲಕ್ಷಕ್ಕೆ ಸಿಕ್ಕರೆ ಅದು ಬಹಳ ಓಡಿದ್ದೇ ಆಗಿರುತ್ತದೆ, ಒಂದೊಂದು ಭಾಗದ ಬೆಲೆಯೂ ದೊಡ್ಡ ಗಾಡಿಯದೇ. ಮಿತ್ಸುಬಿಷಿ ಪಜೆರೊ ಗಟ್ಟಿಮುಟ್ಟಾದದ್ದು ನಿಜ, ಆದರೆ ಈಗ ಭಾಗಗಳಿಗಾಗಿ ಊರೂರು ಫೋನ್ ಮಾಡಬೇಕು. ಹೇರು ಹೊರಲು ಬೊಲೆರೊ ಕ್ಯಾಂಪರ್ ಫೋರ್‌ವೀಲ್‌ಗೆ ಸಮನಿಲ್ಲ. ಅದು ವಾಣಿಜ್ಯ ನೋಂದಣಿಯ ಹಳದಿ ಬೋರ್ಡಿನದೋ ಎಂದು ವಿಚಾರಿಸಿ. ಹಳದಿ ಬೋರ್ಡಾದರೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು.

ಡೀಸೆಲ್ ಕೊಳ್ಳುವವರು 2020ರ ಏಪ್ರಿಲ್ ಎಂಬ ಗಡಿಯನ್ನು ನೆನಪಿಡಬೇಕು. ಅಂದಿನಿಂದ ಬಿಎಸ್-6 ನಿಯಮ ಬಂತು, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಡೀಸೆಲ್ ಗಾಡಿಗಳಿಗೆ ಸೇರಿತು. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಓಡಬೇಕು. ತೋಟದೊಳಗೇ ಮೊದಲ, ಎರಡನೆಯ ಗೇರಿನಲ್ಲಿ ಸುತ್ತುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುತ್ತದೆ. ಬದಲಿಸುವ ಖರ್ಚು ಸಣ್ಣದಲ್ಲ. ತೋಟದ ಕೆಲಸಕ್ಕಷ್ಟೇ ಎನ್ನುವವರಿಗೆ ಅದಕ್ಕಿಂತ ಹಳೆಯ ಡೀಸೆಲ್ ಅಥವಾ ಪೆಟ್ರೋಲ್ ಗಾಡಿಯೇ ಕ್ಷೇಮ.

ಎಲ್ಲಿ ದುಡಿದ ಗಾಡಿ?

ನಂಬರ್ ಪ್ಲೇಟ್ ಅರ್ಧ ಕಥೆ ಹೇಳುತ್ತದೆ. ಕೆಎ 19, ಕೆಎ 20 ಅಂದರೆ ಮಂಗಳೂರು, ಉಡುಪಿ. ಕರಾವಳಿಯ ಉಪ್ಪುಗಾಳಿ ಚಾಸಿಯನ್ನು ಒಳಗಿನಿಂದ ತಿನ್ನುತ್ತದೆ. ಕೆಎ 12 ಮಡಿಕೇರಿ, ಕೆಎ 18 ಚಿಕ್ಕಮಗಳೂರು, ಕೆಎ 46 ಸಕಲೇಶಪುರ. ಇಲ್ಲಿಯವು ಕೆಸರು ತಿಂದಿರುತ್ತವೆ, ಆದರೆ ಯಾರ ತೋಟದಲ್ಲಿ, ಯಾವ ಡ್ರೈವರ್ ಕೈಯಲ್ಲಿತ್ತು ಎಂದು ಊರಲ್ಲಿ ವಿಚಾರಿಸಬಹುದು. ಮಾಂದಲಪಟ್ಟಿ, ಕೊಡಚಾದ್ರಿಯಂಥ ಕಡೆ ಪ್ರವಾಸಿಗರನ್ನು ಹೊತ್ತು ದಿನಕ್ಕೆ ಹಲವು ಸಲ ಏರಿಳಿದ ಜೀಪಿನ ಮೀಟರ್ ಕಡಿಮೆ ತೋರಿಸಿದರೂ ಒಂದೊಂದು ಕಿಲೋಮೀಟರೂ ಹೆದ್ದಾರಿಯ ಹತ್ತಕ್ಕೆ ಸಮ. ಕಿಲೋಮೀಟರ್ ನೋಡಿ ಮರುಳಾಗಬೇಡಿ.

ಹಾಗೆಂದು ಬೆಂಗಳೂರಿನ ಗ್ಯಾರೇಜಿನಲ್ಲಿ ಹೊದಿಕೆ ಹೊದ್ದು ನಿಂತಿದ್ದ ಗಾಡಿಯೇ ಒಳ್ಳೆಯದು ಎಂದೂ ಇಲ್ಲ. ಫೋರ್‌ವೀಲ್ ಭಾಗಗಳು ಬಳಸದೆಯೂ ಕೆಡುತ್ತವೆ. ವರ್ಷಗಟ್ಟಲೆ ಮುಟ್ಟದ ಲಿವರ್ ಬಿಗಿದುಕೊಳ್ಳುತ್ತದೆ, ಮುಂದಿನ ಚಕ್ರವನ್ನು ಆಕ್ಸೆಲಿಗೆ ಸೇರಿಸುವ ಹಬ್ ತುಕ್ಕು ಹಿಡಿಯುತ್ತದೆ, ಸ್ವಿಚ್ಚಿನ ಗಾಡಿಗಳಲ್ಲಿ ಮೋಟಾರ್ ಹಿಡಿದುಹೋಗುತ್ತದೆ. ಹದವಾಗಿ ಬಳಸಿ, ವೇಳೆಗೆ ಆಯಿಲ್ ಬದಲಿಸಿದ ತೋಟದ ಗಾಡಿ ಇಂಥದ್ದಕ್ಕಿಂತ ಎಷ್ಟೋ ಮೇಲು.

ನೆರೆಯ ನೀರಿನಲ್ಲಿ ಮುಳುಗಿದ ಗಾಡಿಗಳ ಬಗ್ಗೆಯೂ ಹೇಳಲೇಬೇಕು. 2015ರ ಡಿಸೆಂಬರ್‌ನಲ್ಲಿ ಚೆನ್ನೈ, 2018ರ ಆಗಸ್ಟ್‌ನಲ್ಲಿ ಕೇರಳ ನೆರೆಗೆ ಸಿಕ್ಕವು. ಅಂಥ ಗಾಡಿಗಳು ತೊಳೆದು, ಒರೆಸಿ ದೂರದ ಊರಿನ ಸಂತೆಗೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಕಾರ್ಪೆಟ್ ಎತ್ತಿದರೆ ಬರುವ ಮುಗ್ಗಲು ವಾಸನೆ ಕೂಡ ಸುಳ್ಳು ಹೇಳುವುದಿಲ್ಲ.

ಅಂಗಿ ಕೊಳೆಯಾದರೂ ಸರಿ, ಬಗ್ಗಿ

ಮಾರುವವರು ಬಾನೆಟ್ ಎತ್ತಿ ತೋರಿಸುತ್ತಾರೆ. ಫೋರ್‌ವೀಲ್ ಗಾಡಿಯ ಜೀವ ಇರುವುದು ಕೆಳಗೆ. ಹಗಲು ಬೆಳಕಿನಲ್ಲಿ, ಸಾಧ್ಯವಾದರೆ ಗ್ಯಾರೇಜಿನ ಪಿಟ್ ಮೇಲೆ ನಿಲ್ಲಿಸಿ ನೋಡಿ. ಚಾಸಿಯ ಉದ್ದಕ್ಕೂ, ಅದರಲ್ಲೂ ಹಿಂದಿನ ಸ್ಪ್ರಿಂಗ್ ಹಿಡಿದಿರುವ ಜಾಗಗಳಲ್ಲಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಅಡಿಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂತೋಷಪಡಬೇಡಿ, ಏನನ್ನು ಮುಚ್ಚಿದ್ದಾರೆಂದು ಕೇಳಿ. ಚಾಸಿಯಲ್ಲಿ ವೆಲ್ಡಿಂಗ್ ಕಂಡರೆ, ಚಾಸಿ ನಂಬರ್ ಕೆತ್ತಿದ ಜಾಗದಲ್ಲಿ ಉಜ್ಜಿದ ಗುರುತಿದ್ದರೆ ಮಾತು ಅಲ್ಲಿಗೇ ಮುಗಿಸಿ.

ಮುಂದಿನ, ಹಿಂದಿನ ಡಿಫರೆನ್ಷಿಯಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಆಯಿಲನ್ನು ಮೆಕ್ಯಾನಿಕ್ ಕೈಯಲ್ಲಿ ತೆಗೆಸಿ ನೋಡುವುದು ಅತಿ ಮುಖ್ಯ. ಹಳೆಯ ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ, ಬೇರಿಂಗುಗಳ ಆಯಸ್ಸು ಮುಗಿಯುತ್ತಾ ಬಂದಿದೆ. ಕಬ್ಬಿಣದ ಚೂರು ಬಂದರೆ ಇನ್ನೂ ಕೆಟ್ಟದ್ದು. ಪ್ರೊಪೆಲ್ಲರ್ ಶಾಫ್ಟುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಜಾಯಿಂಟಿನಲ್ಲಿ ಟಕ್ ಟಕ್ ಅಲುಗಾಟ ಇರಬಾರದು. ಮುಂದಿನ ಚಕ್ರದ ಒಳಗಡೆ ಇರುವ ರಬ್ಬರ್ ಬೂಟ್ ಹರಿದು ಗ್ರೀಸ್ ಚೆಲ್ಲಿದ್ದರೆ ಅಲ್ಲಿಂದಲೇ ಮಣ್ಣು ಒಳಹೊಕ್ಕಿದೆ.

ಆಮೇಲೆ ಓಡಿಸುವ ಪರೀಕ್ಷೆ. ತಣ್ಣಗಿರುವ ಎಂಜಿನ್ನನ್ನು ನೀವೇ ಸ್ಟಾರ್ಟ್ ಮಾಡಿ. ನೀವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬೆಳಿಗ್ಗೆ ಬನ್ನಿ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ, ದಟ್ಟ ಹೊಗೆ ನುಗ್ಗಿ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಡಾಂಬರು ಬಿಟ್ಟು ಸಡಿಲ ಮಣ್ಣಿನ ಮೈದಾನಕ್ಕೆ ಹೋಗಿ. ನಿಲ್ಲಿಸಿ, ಕ್ಲಚ್ ಒತ್ತಿ ಲೋ ಹಾಕಿ. ಲಿವರ್ ಜಗಳವಾಡದೆ ಬೀಳಬೇಕು, ಡ್ಯಾಶ್‌ಬೋರ್ಡಿನ ದೀಪ ಮಿಣುಕದೆ ಸ್ಥಿರವಾಗಿ ಹತ್ತಬೇಕು. ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟರೆ ಗಾಡಿ ತಾನೇ ತೆವಳಬೇಕು. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಕೆಲವೇ ಮೀಟರ್ ಹೋಗಿ. ಪಾರ್ಟ್ ಟೈಮ್ ಗಾಡಿಯಲ್ಲಿ ಸ್ಟಿಯರಿಂಗ್ ಬಿಗಿಯಾಗಿ, ಗಾಡಿ ತಡೆದಂತೆ ಆದರೆ ಮುಂದಿನ ಆಕ್ಸೆಲ್ ನಿಜಕ್ಕೂ ಎಳೆಯುತ್ತಿದೆ ಎಂದರ್ಥ. ಏನೂ ಗೊತ್ತಾಗದೆ ಹಗುರವಾಗಿ ತಿರುಗಿದರೆ ಅನುಮಾನಪಡಿ. ಲಿವರ್ ಬಿದ್ದರೂ ಹಬ್ ಹಿಡಿಯದಿರುವುದು ಜಿಪ್ಸಿ, ಹಳೆಯ ಜೀಪುಗಳಲ್ಲಿ ಸಾಮಾನ್ಯ.

ಟಯರ್ ನಾಲ್ಕೂ ಒಂದೇ ಅಳತೆ, ಹೆಚ್ಚು ಕಡಿಮೆ ಒಂದೇ ಸವೆತದವು ಆಗಿರಬೇಕು. ಮುಂದೊಂದು ಹಿಂದೊಂದು ಅಳತೆ ಹಾಕಿದ ಗಾಡಿಯಲ್ಲಿ ಫೋರ್‌ವೀಲ್ ಹಾಕಿದಾಗೆಲ್ಲ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಟಯರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಹುಡುಕಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಕಾಗದದ ಕೆಸರು

ಗಾಡಿ ಚೆನ್ನಾಗಿದ್ದು ಕಾಗದ ಕೆಟ್ಟಿದ್ದರೆ ಅದನ್ನು ಎಳೆಯಲು ಯಾವ ಲೋ ಗೇರೂ ಸಾಲದು. ಆರ್‌ಸಿಯಲ್ಲಿರುವ ಎಂಜಿನ್ ನಂಬರ್, ಚಾಸಿ ನಂಬರ್ ಗಾಡಿಯಲ್ಲಿರುವುದಕ್ಕೆ ತಾಳೆಯಾಗಬೇಕು. ಹಳೆಯ ಜೀಪುಗಳಿಗೆ ಬೇರೆ ಎಂಜಿನ್ ಕೂರಿಸುವ ರೂಢಿ ಹಿಂದಿನಿಂದಲೂ ಇದೆ, ಆರ್‌ಸಿಯಲ್ಲಿ ಆ ಬದಲಾವಣೆ ದಾಖಲಾಗಿರಬೇಕು. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹರಿಯಾಣದ ಮಂಡಿ ಡಬ್ವಾಲಿಯಂಥ ಕಡೆ ಕಟ್ಟಿಸಿದ ಚೆಂದದ ಜೀಪು ಇಲ್ಲಿಯ ಆರ್‌ಟಿಒ ಅಂಗಳದಲ್ಲಿ ತಲೆನೋವಾಗುವುದು ಇದಕ್ಕೇ.

ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಓಡಾಟಕ್ಕೆ ನ್ಯಾಯಾಲಯಗಳ ಆದೇಶ ತಡೆ ಹಾಕಿದ ಮೇಲೆ ಅಲ್ಲಿಯ ಗಾಡಿಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಬಂದವು. ಬೆಲೆ ಕೇಳಿದರೆ ಆಸೆಯಾಗುತ್ತದೆ. ಆದರೆ ಆ ಊರಿನ ಎನ್‌ಒಸಿ ಬೇಕು, ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಹೊಸದಾಗಿ ನೋಂದಣಿ ಮಾಡಿಸಬೇಕು, ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಇದೆಲ್ಲ ಕೂಡಿದರೆ ಕರ್ನಾಟಕದ್ದೇ ಗಾಡಿಯ ಬೆಲೆಗೆ ಹತ್ತಿರ ಬರುವುದುಂಟು. 15 ವರ್ಷ ತುಂಬಿದ ಖಾಸಗಿ ಗಾಡಿಯಾದರೆ ಫಿಟ್‌ನೆಸ್ ನೋಡಿ ಐದು ವರ್ಷಕ್ಕೊಮ್ಮೆ ನೋಂದಣಿ ಮುಂದುವರಿಸಬೇಕು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಗ್ರೀನ್ ಟ್ಯಾಕ್ಸ್ ಬೇರೆ.

ಮಾಲೀಕತ್ವ ಬದಲಿಸಲು ಫಾರಂ 29, 30. ಸಾಲವಿದ್ದ ಗಾಡಿಗೆ ಬ್ಯಾಂಕಿನ ಫಾರಂ 35. ‘ಆರ್‌ಸಿ ಆಮೇಲೆ ಮಾಡಿಸಿಕೊಳ್ಳಿ, ಸಹಿ ಹಾಕಿ ಕೊಟ್ಟಿದ್ದೀನಲ್ಲ’ ಎನ್ನುವ ಮಾತಿಗೆ ಒಪ್ಪಬೇಡಿ. ಹೆಸರು ಬದಲಾಗದೆ ಗಾಡಿ ಕೈ ಬದಲಿಸಿ ಅಪಘಾತವಾದರೆ ಮಾರಿದವರೂ ಕೊಂಡವರೂ ಇಬ್ಬರೂ ವರ್ಷಗಟ್ಟಲೆ ಕೋರ್ಟು ಅಲೆಯಬೇಕು. ವಿಮೆಯನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ.

ಐದರಲ್ಲೊಂದು ಪಾಲು

ಎಂಟು ಲಕ್ಷ ಇದೆಯೆಂದು ಎಂಟು ಲಕ್ಷದ ಗಾಡಿ ನೋಡಬೇಡಿ. ಆರೂವರೆಯದು ನೋಡಿ, ಉಳಿದ ಸುಮಾರು ಐದರಲ್ಲೊಂದು ಪಾಲನ್ನು ರಿಪೇರಿಗೆಂದು ಬ್ಯಾಂಕಿನಲ್ಲಿಡಿ. ಗಾಡಿ ಮನೆಗೆ ಬಂದ ವಾರದಲ್ಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲಿನ ಆಯಿಲ್ ಪೂರ್ತಿ ಬದಲಿಸಿ. ಮಾರಿದವರು ಈಗಷ್ಟೇ ಮಾಡಿಸಿದ್ದೇವೆ ಎಂದರೂ ಬದಲಿಸಿ. ಬ್ರೇಕ್ ಪ್ಯಾಡ್, ಬೆಲ್ಟ್, ಕೂಲೆಂಟ್ ಪೈಪುಗಳು ನಂತರ. ಟಯರ್ ನಾಲ್ಕೂ ಬೇಕಾದರೆ ಒಟ್ಟಿಗೇ ಹಾಕಿಸಿ. ಕ್ಲಚ್ ಕೊನೆಯಲ್ಲಿದ್ದರೆ ಮೇ ತಿಂಗಳೊಳಗೆ ಮಾಡಿಸಿಬಿಡಿ, ಮಳೆಗಾಲದ ನಡುವೆ ಏರಿನಲ್ಲಿ ಅದು ಕೈಕೊಟ್ಟರೆ ಎಳೆದು ತರಲು ಇನ್ನೊಂದು ಫೋರ್‌ವೀಲ್ ಗಾಡಿಯೇ ಬೇಕಾಗುತ್ತದೆ. ಬೇಸಿಗೆಯಲ್ಲಿ ಕೆಲಸವಿಲ್ಲದಿದ್ದರೂ ತಿಂಗಳಿಗೊಮ್ಮೆ ಮಣ್ಣಿನ ಮೇಲೆ ಫೋರ್‌ವೀಲ್ ಹಾಕಿ ಸ್ವಲ್ಪ ದೂರ ಓಡಿಸಿ. ಹಾಗೆ ಮಾಡಿದರೆ ಟ್ರಾನ್ಸ್‌ಫರ್ ಕೇಸಿನೊಳಗೆ ಆಯಿಲ್ ಹರಿದಾಡುತ್ತದೆ, ಹಬ್ ತುಕ್ಕು ಹಿಡಿಯುವುದಿಲ್ಲ, ಜೂನ್‌ನ ಮೊದಲ ಮಳೆಗೆ ಲಿವರ್ ಬೀಳಲಿಲ್ಲವೆಂದು ಮೆಕ್ಯಾನಿಕ್ಕಿಗಾಗಿ ಕಾಯಬೇಕಾಗುವುದಿಲ್ಲ.